ಗೋಣಿಯ ಬಿರಡೆ

“ಕೆಲಸಾನೂ ಕೆಡಿಸ್ಬುಟ್ಟು ಈಗ ಬಂದು ಮೇಲೆ ಹತ್ತಿ ನೋಡ್ತೀನಿ ಅಂತೀಯಲ್ಲ, ನಾಚಿಕೆ ಆಗಲ್ವೇನೋ ನಿನಗೆ? ಮೇಲೆ ನೋಡೋದೇನೈತೆ? ಇಲ್ಲಿ ನೋಡು. ಈ ಗೋಡೆ ನೋಡು. ಈಯಮ್ಮನ ಬಟ್ಟೆ ನೋಡು.”

ಗಾರೆ ಮೇಸ್ತ್ರಿ ಚಲುವಯ್ಯ ಕೊಡೆ ಮಡಿಸಿ ಜಗಲಿಯ ಮೂಲೆಗೆ ಒರಗಿಸಿದ. ನೀರು ಇಳಿದಿದ್ದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಎಂಟು ಮಳೆಗಾಲ ಒಂದು ಹನಿ ಇಳಿದಿಲ್ಲ ಗೌಡ್ರೆ. ಈಗ ಒಂದೇ ಸಲಕ್ಕೆ ಯಾಕೆ ಇಳೀತು ಅಂತ ನೋಡ್ಬೇಕಲ್ವಾ?”

“ಯಾಕೆ ಅಂದ್ರೆ ನೀನು ಕಳ್ಳಗೆಲಸ ಮಾಡಿದೀಯ, ಅದಕ್ಕೆ. ಸಿಮೆಂಟ್ ನುಂಗಿ ಬರೀ ಮರಳು ಹಾಕಿದೀಯ. ಇನ್ನೇನು ಹೇಳ್ಬೇಕು?”

ಹೀಗೆ ನಾನು ಕೂಗಾಡಿದ್ದು ಬಾಳ್ಳುಪೇಟೆಯಲ್ಲಿ, ಹೆದ್ದಾರಿ ಪಕ್ಕದ ನನ್ನ ಐದು ಮಳಿಗೆಯ ಕಾಂಪ್ಲೆಕ್ಸಿನ ಜಗಲಿಯ ಮೇಲೆ, ಜೂನ್ ತಿಂಗಳ ಒಂದು ಬೆಳಿಗ್ಗೆ ಹತ್ತು ಗಂಟೆಗೆ. ಮೂರನೇ ಮಳಿಗೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಜಗದಾಂಬ ಬಾಗಿಲಲ್ಲಿ ನಿಂತಿದ್ದಳು. ಮೊದಲನೇ ಮಳಿಗೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಅವರಲ್ಲಿ ಬೆಳೆಗಾರರ ಸೊಸೈಟಿಯ ಅಧ್ಯಕ್ಷರು ಸಿದ್ದಬಸಪ್ಪನವರೂ ಇದ್ದರು.

ಸೊಸೈಟಿಯವರು ಆ ವರ್ಷ ಹೊಸ ಗೋದಾಮು ಕಟ್ಟಿಸುತ್ತಿದ್ದರು. ತಾರಸಿಗೆ ಕಾಂಕ್ರೀಟು ಬಿದ್ದಿತ್ತು, ನೀರು ಇಳಿಯದ ಹಾಗೆ ಮೇಲಿನ ಹೊದಿಕೆ ಮಾಡಿಸುವುದು ಬಾಕಿ ಇತ್ತು. ಆ ಕೆಲಸ ಚಲುವಯ್ಯನಿಗೇ ಕೊಡಿ ಎಂದು ಸಿದ್ದಬಸಪ್ಪನವರಿಗೆ ಹೇಳಿದವನು ನಾನೇ. ಚಲುವಯ್ಯ ಆನೇಮಹಲಿನವನು, ಅರವತ್ತರ ಹತ್ತಿರದ ವಯಸ್ಸು. ಜೀವಮಾನವೆಲ್ಲ ಬಚ್ಚಲು, ಕೊಟ್ಟಿಗೆ, ಎಸ್ಟೇಟಿನ ಕೂಲಿಗಳ ಲೈನು ಮನೆಗಳ ಗಾರೆ ಮಾಡಿದವನು. ಕೈತೋರಿಸಿ ಹೇಳಿಕೊಳ್ಳುವಂಥ ದೊಡ್ಡ ಕೆಲಸ ಅವನಿಗೆ ಇದ್ದದ್ದು ಒಂದೇ, ನನ್ನ ಕಾಂಪ್ಲೆಕ್ಸಿನ ತಾರಸಿ. ಯಾರು ಕೇಳಿದರೂ “ಬಾಳ್ಳುಪೇಟೆಗೆ ಹೋಗಿ ನಟರಾಜ ಗೌಡ್ರ ಕಾಂಪ್ಲೆಕ್ಸ್ ನೋಡ್ಕೊಂಡು ಬನ್ನಿ” ಅನ್ನುತ್ತಿದ್ದ. ಗೋದಾಮು ಸಿಕ್ಕಿದ್ದರೆ ಅವನಿಗೆ ಎರಡನೆಯದು ಇರುತ್ತಿತ್ತು.

ಅಂಥವನನ್ನು ಅದೇ ಕಾಂಪ್ಲೆಕ್ಸಿನ ಮುಂದೆ, ಅದೇ ಸಿದ್ದಬಸಪ್ಪನವರ ಎದುರಿಗೆ, ನಾನು ಕಳ್ಳ ಅಂದೆ. ನಾನು ಹೇಳುತ್ತಿದ್ದುದು ಸುಳ್ಳು. ಹೇಳುವಾಗಲೇ ನನಗೆ ಗೊತ್ತಿತ್ತು.

ನಡೆದದ್ದು ಇಷ್ಟು. ನನ್ನ ತೋಟ ಬಾಳ್ಳುಪೇಟೆಯಿಂದ ನಾಲ್ಕು ಮೈಲಿ ಒಳಗೆ. ಅಲ್ಲಿನ ಕಣಕ್ಕೆ ಸುತ್ತ ಮರದ ನೆರಳು, ಹನ್ನೊಂದು ಗಂಟೆಯವರೆಗೆ ಮಂಜು ಬಿಡುವುದಿಲ್ಲ. ಕಾಂಪ್ಲೆಕ್ಸಿನ ತಾರಸಿಯ ಮೇಲಾದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಚುರುಗುಟ್ಟುವ ಬಿಸಿಲು. ಹಾಗಾಗಿ ಪ್ರತಿ ವರ್ಷ ಫೆಬ್ರುವರಿಯಲ್ಲಿ ರೊಬಸ್ಟಾ ಕಾಫಿಯನ್ನೂ ಮೆಣಸನ್ನೂ ಪಿಕಪ್ಪಿನಲ್ಲಿ ತಂದು ಅಲ್ಲಿ ಹರಡುತ್ತೇನೆ. ಈ ಕಡೆ ತಾರಸಿ ಇರುವವರೆಲ್ಲ ಮಾಡುವುದು ಹಾಗೆಯೇ. ಮಾರ್ಚಿನಲ್ಲೋ ಏಪ್ರಿಲ್ಲಿನಲ್ಲೋ ಕಾಫಿ ಹೂ ಅರಳಿಸುವ ಹೂಮಳೆ ದಡಕ್ಕನೆ ಬಿದ್ದರೆ ಕಾಯಿ, ಮೆಣಸು ಕೊಚ್ಚಿಕೊಂಡು ಮಳೆನೀರಿನ ಪೈಪಿಗೆ ಹೋಗುತ್ತವೆ. ಅದಕ್ಕೆ ಮೊದಲೇ ಎರಡು ಪೈಪಿನ ಬಾಯಿಗೂ ಗೋಣಿಯ ಬಿರಡೆ ಹಾಕುತ್ತೇನೆ. ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ, ಬಿಗಿಯಾಗಿ ಸುರುಳಿ ಸುತ್ತಿ, ತೆಂಗಿನ ನಾರಿನ ಹಗ್ಗದಿಂದ ಕಟ್ಟಿ, ಎಳೆದು ತೆಗೆಯಲು ಒಂದು ಮೊಳ ಬಾಲ ಬಿಟ್ಟು ತುರುಕುವುದು. ನಾನು ಎಡಚ. ನನ್ನ ಗಂಟು ಬೇರೆಯವರ ಗಂಟಿಗೆ ತಿರುಗುಮುರುಗಾಗಿ ಬೀಳುತ್ತದೆ. ಮನೆಯಲ್ಲಿ ಆಳುಗಳು ನನ್ನ ಗಂಟು ಬಿಚ್ಚಲಾಗದೆ ಬೈದುಕೊಳ್ಳುತ್ತಾರೆ.

ಕಾಫಿ ತುಂಬಿದ ಮೇಲೆ ಬಿರಡೆ ಕೀಳಬೇಕು. ಆ ವರ್ಷ ಮೋಡ ಕವಿದಿತ್ತು, ಅವಸರದಲ್ಲಿ ಮೂಟೆ ಹೇರಿಕೊಂಡು ಹೊರಟುಬಿಟ್ಟೆ. ಮೇ ತಿಂಗಳಲ್ಲಿ ಊಟ ಬಡಿಸುತ್ತಾ ನನ್ನ ಹೆಂಡತಿ ಕೇಳಿದಳು, ಕಾಂಪ್ಲೆಕ್ಸಿನ ಮೇಲಿನ ಗೋಣಿ ತೆಗೆದಿದ್ದೀರಾ ಎಂದು. ತೆಗೆದಿದ್ದೇನೆ, ನನ್ನ ಕೆಲಸ ನನಗೆ ಹೇಳಿಕೊಡಬೇಡ ಎಂದು ಹರಿಹಾಯ್ದೆ. ತೆಗೆದಿಲ್ಲವೇನೋ ಎಂಬ ಅನುಮಾನ ಆಗಲೇ ಒಂದು ಮೂಲೆಯಲ್ಲಿ ಎದ್ದಿತ್ತು. ಆದರೆ ಅವಳಿಗೆ ಹೇಳಿ ಆಗಿತ್ತಲ್ಲ. ಮರುದಿನ ಹೋಗಿ ನೋಡಿದರೆ ಅವಳ ಮಾತೇ ಸರಿ ಎಂದಾಗುತ್ತದೆ. ಹೋಗಲಿಲ್ಲ.

ಜೂನಿನಲ್ಲಿ ನಾಲ್ಕು ದಿನ ಬಿಡದೆ ಹುಯ್ಯಿತು. ಐದನೇ ದಿನ ಬೆಳಿಗ್ಗೆ ಎಂಟಕ್ಕೆ ಜಗದಾಂಬ ಫೋನು ಮಾಡಿದಳು. ಅವಳು ಜೋರು ಬಾಯಿಯವಳು, ಆದರೆ ಆವತ್ತು ಧ್ವನಿ ಸಣ್ಣಗಿತ್ತು. ಒಂದೇ ಮದುವೆ ಮನೆಯ ಇಪ್ಪತ್ತೆರಡು ರವಿಕೆ ಹೊಲಿದು ಕಪಾಟಿನಲ್ಲಿ ಇಟ್ಟಿದ್ದಳಂತೆ. ಹಿಂದಿನ ಗೋಡೆಯಿಂದ ನೀರು ಇಳಿದು, ಕೆಂಪು ರವಿಕೆಗಳ ಬಣ್ಣ ಬಿಟ್ಟು, ಹೆಣ್ಣಿನ ಧಾರೆ ಸೀರೆಯ ಕೆನೆಬಣ್ಣದ ರವಿಕೆಗೆಲ್ಲ ಹತ್ತಿದೆಯಂತೆ. ಮದುವೆಗೆ ಆರು ದಿನ ಇತ್ತು.

ನಾನು ಬಂದವನು ಅಂಗಡಿಯ ಒಳಕ್ಕೂ ಹೋಗದೆ ನೇರ ಮೆಟ್ಟಿಲು ಹತ್ತಿದೆ. ತಾರಸಿ ಕೆರೆಯಾಗಿತ್ತು. ಹಿಂದಿನ ಮೂಲೆಯಲ್ಲಿ, ಇಳಿಜಾರು ಇರುವ ಕಡೆ, ನೀರು ಮೀನಖಂಡ ಮುಳುಗುವಷ್ಟಿತ್ತು. ಪಂಚೆ ಎತ್ತಿ ಕಟ್ಟಿ ಇಳಿದೆ, ಬಗ್ಗಿ ಕೈ ಹಾಕಿದೆ. ಹಗ್ಗದ ಬಾಲ ಬೆರಳಿಗೆ ಸಿಕ್ಕಿತು. ಎಳೆದೆ. ಪೈಪು ಗೊಳ್ ಎಂದು ನೀರು ನುಂಗಲು ಶುರು ಮಾಡಿತು. ಇನ್ನೊಂದನ್ನೂ ಎಳೆದೆ. ಎರಡು ಬಿರಡೆಗಳನ್ನೂ ಹಿಂದಿನ ಗೋಡೆಯ ಆಚೆಗೆ ಎಸೆದೆ. ಅರ್ಧ ಗಂಟೆ ಅಲ್ಲೇ ಮಳೆಯಲ್ಲಿ ನಿಂತಿದ್ದೆ, ನೀರು ಪೂರಾ ಇಳಿಯುವವರೆಗೆ.

ಕೆಳಗೆ ಬಂದಾಗ ಜಗದಾಂಬ ಬಣ್ಣ ಹತ್ತಿದ ರವಿಕೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ಏನಾಗಿತ್ತು ನಟರಾಜಣ್ಣ?” ಅಂದಳು. ಅವಳ ಮುಖ ನೋಡಿ ನನ್ನ ಬಾಯಿಂದ ಬಂದದ್ದು ಇದು: “ಆ ಚಲುವಯ್ಯನ ಕೆಲಸ. ಬರ್ಲಿ ಅವನು, ಚರ್ಮ ಸುಲೀತೀನಿ.” ಆ ಒಂದು ಗಳಿಗೆ ದಾಟಿದರೆ ಸಾಕಿತ್ತು ನನಗೆ. ಆಮೇಲೆ ಅವನಿಗೆ ಫೋನು ಮಾಡಿ ಕರೆಸಲೇಬೇಕಾಯಿತು. ಕರೆಸಿದ ಮೇಲೆ ಕೂಗಲೇಬೇಕಾಯಿತು. ಕೂಗುತ್ತಾ ಕೂಗುತ್ತಾ ನನಗೆ ನಿಜವಾಗಿಯೂ ಸಿಟ್ಟು ಬಂತು.

ಚಲುವಯ್ಯ ನನ್ನ ಬೈಗುಳ ಮುಗಿಯುವವರೆಗೆ ಕಾದು ಮೆಟ್ಟಿಲು ಹತ್ತಿದ. ನಾನೂ ಹಿಂದೆಯೇ ಹೋದೆ. ಅವನು ಮೊದಲು ಪೈಪಿನ ಬಾಯಿ ನೋಡಿದ, ಕುಕ್ಕರಗಾಲಲ್ಲಿ ಕೂತು ಬೆರಳಿಂದ ಕೆದಕಿ ನಾಲ್ಕು ಊದಿದ ಕಾಫಿ ಕಾಯಿ ತೆಗೆದ. ಆಮೇಲೆ ಸುತ್ತಿನ ಮೋಟು ಗೋಡೆಯ ಹತ್ತಿರ ಬಂದ. ಗೋಡೆಯ ಮೇಲೆ ಕೆಸರಿನ ಒಂದು ಗೆರೆ, ನೂಲು ಹಿಡಿದು ಎಳೆದ ಹಾಗೆ, ಉದ್ದಕ್ಕೂ ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಹೊದಿಸಿದ್ದ ಡಾಂಬರು ಶೀಟು ತಾರಸಿಯಿಂದ ಗೋಡೆಗೆ ಒಂದು ಗೇಣು ಹತ್ತಿ ನಿಂತಿತ್ತು. ಕೆಸರಿನ ಗೆರೆ ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಅವನು ಗೇಣು ಹಾಕಿ ಅಳೆದು, ನಾಲ್ಕು ಬೆರಳನ್ನು ಅದರ ಮೇಲೆ ಇಟ್ಟು ನೋಡಿದ.

“ನೀರು ನಿಂತಿತ್ತು ಗೌಡ್ರೆ. ಶೀಟಿನ ತಲೆ ಮೇಲಕ್ಕೆ ಹತ್ತಿ, ಹಿಂದಿನಿಂದ ಇಳಿದೈತೆ.”

“ಎಲ್ಲಿ ನಿಂತಿತ್ತು? ನಾನು ಬಂದಾಗ ಒಂದು ತೊಟ್ಟು ಇರ್ಲಿಲ್ಲ.”

ಅವನು ಎದ್ದು ಹಿಂದಿನ ಗೋಡೆಯ ಮೇಲೆ ಬಗ್ಗಿ ಪೈಪು ಕೆಳಗೆ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿದ. ಅಲ್ಲೇ ನಿಂತ. ನಾನು ಹೋಗಿ ಅವನ ಪಕ್ಕದಲ್ಲಿ ಬಗ್ಗಿದೆ. ಬಿರಡೆಗಳು ನಾನು ಅಂದುಕೊಂಡ ಹಾಗೆ ಹಿತ್ತಲಿನ ಪೊದೆಗೆ ಬಿದ್ದಿರಲಿಲ್ಲ. ಕಿಟಕಿಯ ಸಜ್ಜದ ಮೇಲೆ, ನಮ್ಮ ಮೂಗಿನ ಕೆಳಗೇ, ಎರಡೂ ಬಾಲ ಚಾಚಿಕೊಂಡು ಮಲಗಿದ್ದವು.

ಅವನು ನನ್ನ ಮುಖ ನೋಡಲಿಲ್ಲ. “ಆಗ್ಲಿ,” ಅಂದ. “ಶೀಟು ಇನ್ನೂ ಮೇಲಕ್ಕೆ ಹತ್ತಿಸ್ತೀನಿ. ಮಳೆ ಬಿಡುವು ಕೊಟ್ಟ ದಿನ ಬತ್ತೀನಿ.”

ಅಲ್ಲಿ ನಾವಿಬ್ಬರೇ ಇದ್ದೆವು. ಮಾತು ಆಡಿದ್ದರೆ ಕೇಳಲು ಮೂರನೆಯವನು ಇರಲಿಲ್ಲ. ಚಲುವಯ್ಯ, ನನ್ನಿಂದ ಆದದ್ದು ಕಣೋ ಎಂದರೆ ಮುಗಿಯುತ್ತಿತ್ತು. ನಾನು “ಬೇಗ ಬಾ” ಎಂದು ಇಳಿದು ಹೋದೆ.

ಎರಡು ದಿನ ಬಿಟ್ಟು ಬಿಸಿಲು ಕಂಡಿತು, ಅವನು ಬಂದ. ಟಾರ್ಪಾಲು ಕಟ್ಟಿಕೊಂಡು, ಗೋಡೆಯ ಬುಡ ಕೆತ್ತಿ ಒಣಗಿಸಿ, ಗ್ಯಾಸಿನ ಬೆಂಕಿಯಲ್ಲಿ ಶೀಟು ಕಾಯಿಸಿ ಒತ್ತಿ, ಒಂದು ಗೇಣು ಇದ್ದದ್ದನ್ನು ಒಂದು ಮೊಳ ಮಾಡಿದ. ನಾಲ್ಕು ದಿನ ಹಿಡಿಯಿತು. ಕೂಲಿಯ ಮಾತೆತ್ತಲಿಲ್ಲ. ಪ್ರತಿ ಸಲ ಮೆಟ್ಟಿಲು ಹತ್ತುವಾಗಲೂ ಇಳಿಯುವಾಗಲೂ ಅವನು ಜಗದಾಂಬಳ ಬಾಗಿಲು ದಾಟಬೇಕಿತ್ತು. ಅವಳು ಬಿಡಲಿಲ್ಲ. ಹಾಳಾದ ರವಿಕೆಗಳನ್ನು ಬಿಚ್ಚಿ, ಹಾಸನದಿಂದ ಹೊಸ ಬಟ್ಟೆ ತರಿಸಿ, ರೆಪ್ಪೆ ಮುಚ್ಚದೆ ಹೊಲಿಯುತ್ತಿದ್ದಳು. ಕೋಪ ಇಳಿಸಲು ಅವಳಿಗೆ ಕೈಗೆ ಸಿಕ್ಕವನು ಅವನೇ.

“ಏನ್ ಮೇಸ್ತ್ರಿ, ನಿಮ್ಮ ತಾರಸಿ ಕೆಳಗೆ ಒಂದು ಕೈಲಿ ಕೊಡೆ ಹಿಡ್ಕೊಂಡು ಇನ್ನೊಂದು ಕೈಲಿ ಮಿಷನ್ನಿಗೆ ಬಟ್ಟೆ ತಳ್ಬೇಕು. ಕತ್ತರಿ ಹಿಡಿಯೋಕೆ ನಿಮ್ಮನೇಲಿ ಯಾರಾದ್ರೂ ಇದ್ರೆ ಕಳ್ಸಿ,” ಅಂದಳು ಒಂದು ದಿನ. ಹೋಟೆಲಿನವರೆಲ್ಲ ನಕ್ಕರು. ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ನಾನೂ ನಕ್ಕೆ. ಚಲುವಯ್ಯ ತಲೆಯ ಮೇಲಿನ ಸಿಮೆಂಟ್ ಬಾಂಡ್ಲಿ ಸರಿಮಾಡಿಕೊಂಡು ಮೇಲೆ ಹೋದ.

ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಬೈದದ್ದಕ್ಕೆ ಸಿಟ್ಟಿನ ನೆಪ ಇತ್ತು, ನಕ್ಕದ್ದಕ್ಕೆ ಏನೂ ಇರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ನನ್ನನ್ನು ಮೇಲೆ ಕರೆದ. ಹಿಂದಿನ ಗೋಡೆಯಲ್ಲಿ, ಹಳೇ ಶೀಟು ಎಲ್ಲಿಯವರೆಗೆ ಇತ್ತೋ ಆ ಒಂದು ಗೇಣು ಎತ್ತರದಲ್ಲಿ, ಹೊಸದಾಗಿ ಒಂದು ತೂತು ಕೊರೆದು ಮುಂಗೈ ಉದ್ದದ ಪೈಪು ಕೂರಿಸಿದ್ದ. ಇದು ಯಾಕೆ, ನಾನು ಹೇಳಲಿಲ್ಲವಲ್ಲ ಎಂದೆ. ಕೆಳಗಿನ ಬಾಯಿ ಯಾವತ್ತಾದರೂ ಕಟ್ಟಿದರೆ ನೀರು ಇದರಲ್ಲಿ ಹೊರಗೆ ಹೋಗುತ್ತದೆ, ಆ ಎತ್ತರ ದಾಟುವುದಿಲ್ಲ ಎಂದು ವಿವರಿಸಿದ. ಯಾರು ಕಟ್ಟುತ್ತಾರೆ, ಹೇಗೆ ಕಟ್ಟುತ್ತದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಅವನು ಚೀಲದಿಂದ ಎರಡು ಗೋಣಿತಾಟು, ಒಂದು ಉಂಡೆ ತೆಂಗಿನ ಹಗ್ಗ ತೆಗೆದು ನನ್ನ ಮುಂದೆ ಇಟ್ಟ.

“ನೀರು ಕಟ್ಟಿ ಎರಡು ದಿನ ಬುಟ್ಟು ನೋಡ್ಬೇಕು ಗೌಡ್ರೆ. ಬಿರಡೆ ನೀವೇ ಮಾಡ್ಕೊಡಿ. ನಿಮಗೆ ಅಭ್ಯಾಸ ಐತಲ್ಲ.”

ನಾನು ಕೂತು ಮಾಡಿದೆ. ನಾಲ್ಕು ಮಡಿಕೆ, ಬಿಗಿ ಸುರುಳಿ, ಒಂದು ಮೊಳ ಬಾಲ. ಕೈ ತಾನಾಗಿಯೇ ಮಾಡಿತು. ಅವನು ಎದುರಿಗೆ ನಿಂತು, ಗುರು ಹುಡುಗರ ಲೆಕ್ಕ ನೋಡುವ ಹಾಗೆ, ನೋಡುತ್ತಲೇ ಇದ್ದ. ನಾನು ಬಾಯಿ ತೆರೆಯಲಿ ಎಂದು ಕಾಯುತ್ತಿದ್ದಾನೆ ಎಂದು ಗೊತ್ತಾಯಿತು. “ತಗೋ” ಎಂದು ಎರಡನ್ನೂ ಅವನ ಕೈಗೆ ಕೊಟ್ಟೆ.

ಸಂಜೆಗೆ ಮಳೆಯೇ ಬಂದು ತಾರಸಿ ತುಂಬಿಸಿತು. ಮಾರನೆಯ ದಿನ ಹೊಸ ಪೈಪಿನಿಂದ ನೀರು ಹಿತ್ತಲಿಗೆ ಬಿಲ್ಲಿನ ಹಾಗೆ ಬೀಳುತ್ತಿತ್ತು. ಜಗದಾಂಬಳ ಗೋಡೆ ಒಣಗಿತ್ತು. ಅದರ ಮಾರನೆಯ ದಿನವೂ ಒಣಗಿತ್ತು. ಅವಳು ಕುರ್ಚಿ ಹತ್ತಿ ಸೂರಿಗೆ ಕೈ ಒತ್ತಿ ನೋಡಿ, ಅಂಗೈ ತಿರುಗಿಸಿ ಎಲ್ಲರಿಗೂ ತೋರಿಸಿದಳು. ರವಿಕೆಗಳೂ ಮದುವೆಯ ಹಿಂದಿನ ದಿನವೇ ಆ ಮನೆ ಸೇರಿದ್ದವು.

ಆವತ್ತು ಬೆಳಿಗ್ಗೆ ಸಿದ್ದಬಸಪ್ಪನವರೂ ಬಂದರು. ಸಂಜೆ ಸೊಸೈಟಿಯ ಮೀಟಿಂಗು, ಗೋದಾಮಿನ ಕೆಲಸ ಯಾರಿಗೆ ಎಂದು ತೀರ್ಮಾನ ಆಗಬೇಕಿತ್ತು. ಅವರು ದುಡುಕುವ ಮನುಷ್ಯ ಅಲ್ಲ. ಜಗದಾಂಬಳ ಅಂಗಡಿಯೊಳಗೆ ಹೋಗಿ ನಾಲ್ಕು ಗೋಡೆಯನ್ನೂ ನೋಡಿಕೊಂಡು ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತರು. ಚಲುವಯ್ಯ ಕಂಬದ ಹತ್ತಿರ ನಿಂತಿದ್ದ. ಅವನಿಗೂ ಒಂದು ಟೀ ತರಿಸಿದರು.

“ಈಗ ಮಾಡಿರೋದು ಚೆನ್ನಾಗೈತೆ, ಅದರಲ್ಲಿ ಮಾತಿಲ್ಲ,” ಅಂದರು. “ಮೊದಲು ಮಾಡಿದ್ದು ಯಾಕೆ ಸೋರ್ತು, ನನಗೆ ಅದು ಹೇಳಿ. ಗೋದಾಮಲ್ಲಿ ಜನರ ಮೂಟೆ ಇರ್ತದೆ. ಎಂಟು ವರ್ಷ ಆದ್ಮೇಲೆ ಹಿಂಗೆ ಕೈಕೊಡೋ ಕೆಲಸ ಆದ್ರೆ ನಾನು ನಾಳೆ ಎಲ್ಲರಿಗೂ ಉತ್ತರ ಹೇಳ್ಬೇಕು.”

ಚಲುವಯ್ಯ ಲೋಟವನ್ನು ಕೆಳಗಿಟ್ಟ. “ಅದನ್ನ ಗೌಡ್ರು ಹೇಳ್ತಾರೆ ಬುದ್ಧಿ,” ಅಂದ.

ಎಲ್ಲರೂ ನನ್ನನ್ನು ನೋಡಿದರು. ಸಿದ್ದಬಸಪ್ಪ, ಬಾಗಿಲಲ್ಲಿ ಜಗದಾಂಬ, ಹೋಟೆಲಿನ ಬೆಂಚಿನವರು. ಎಂಟು ದಿನದ ಹಿಂದೆ ಅದೇ ಜಾಗದಲ್ಲಿ ನಾನು ಕೂಗಿದ್ದನ್ನು ಕೇಳಿದವರೇ ಅವರೆಲ್ಲ. ಬಿರಡೆ ನನ್ನದು, ಮರೆತವನು ನಾನು ಎಂದು ಹೇಳಲು ಎರಡು ಉಸಿರು ಸಾಕಿತ್ತು. ಆದರೆ ಹೇಳಿದರೆ ಹೇಳಬೇಕಾದ್ದು ಅಷ್ಟೇ ಆಗಿರಲಿಲ್ಲ. ಗೊತ್ತಿದ್ದೂ ಅವನನ್ನು ಕಳ್ಳ ಅಂದೆ, ಗೊತ್ತಿದ್ದೂ ನಾಲ್ಕು ದಿನ ದುಡಿಸಿಕೊಂಡೆ, ಗೊತ್ತಿದ್ದೂ ಇದೇ ಬೆಂಚಿನ ಮೇಲೆ ಕೂತು ನಕ್ಕೆ, ಅದೆಲ್ಲವೂ ಅದರ ಹಿಂದೆ ಸರಪಣಿಯ ಹಾಗೆ ಎದ್ದು ಬರುತ್ತಿತ್ತು. ಜಗದಾಂಬಳ ಬಾಯಿಗೆ ನಾನು ಸಿಗಬೇಕಾಗುತ್ತಿತ್ತು.

“ಮಳೆ ಜಾಸ್ತಿ ಆಯ್ತು ಈ ಸಲ,” ಅಂದೆ.

“ಎಲ್ಲರ ಮೇಲೂ ಅದೇ ಮಳೆ ತಾನೆ?” ಅಂದರು ಸಿದ್ದಬಸಪ್ಪ.

“ಗಾರೆ ಕೆಲಸ ಅಂದ್ಮೇಲೆ ಒಂದು ಹೆಚ್ಚು ಒಂದು ಕಮ್ಮಿ ಇರ್ತದೆ. ಈಗ ಸರಿ ಮಾಡಿದಾನಲ್ಲ. ಇನ್ನು ನಿಮ್ಮಿಷ್ಟ.”

ಅವರು ಚಲುವಯ್ಯನ ಕಡೆ ತಿರುಗಿದರು. ಹಾಸನದ ಕಡೆಯವರು ಯಾರೋ ಹತ್ತು ವರ್ಷಕ್ಕೆ ಗ್ಯಾರಂಟಿ ಬರೆದುಕೊಡುತ್ತಾರಂತೆ, ಅವರನ್ನೇ ಕರೆಸೋಣ, ಬೇಜಾರು ಮಾಡ್ಕೋಬೇಡ ಮೇಸ್ತ್ರಿ ಎಂದು ಹೇಳಿ ಎದ್ದು ಹೋದರು.

ಚಲುವಯ್ಯ ತಲೆ ಆಡಿಸಿದ. ಆಮೇಲೆ ಮೆಟ್ಟಿಲು ಹತ್ತಿ ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಪೈಪುಗಳಲ್ಲಿ ನೀರು ಧಡಧಡ ಇಳಿಯುವ ಸದ್ದು ಬಂತು, ಎರಡು ದಿನ ಕಟ್ಟಿದ್ದ ನೀರು. ಅದು ಇಳಿಯುತ್ತಿರುವಾಗಲೇ ಅವನೂ ಇಳಿದು ಬಂದ. ಕೈಯಲ್ಲಿ ಎರಡು ಬಿರಡೆ ಇದ್ದವು. ಇನ್ನೆರಡು, ಸಜ್ಜದ ಮೇಲಿದ್ದ ಹಳೆಯವು, ಅವನ ಚೀಲದಿಂದ ಹೊರಬಂದವು. ಯಾವಾಗ ತೆಗೆದಿಟ್ಟುಕೊಂಡಿದ್ದನೋ ಕಾಣೆ. ನಾಲ್ಕನ್ನೂ ಜಗಲಿಯ ಕಲ್ಲಿನ ಮೇಲೆ, ನನ್ನ ಕಾಲ ಹತ್ತಿರ, ಸಾಲಾಗಿ ಇಟ್ಟ. ನಾಲ್ಕರ ಗಂಟೂ ಒಂದೇ ಕಡೆಗೆ ತಿರುಗಿತ್ತು.

“ಎಲ್ಲಾ ತೆಗ್ದಿದೀನಿ ಗೌಡ್ರೆ,” ಅಂದ. “ಮೇಲೆ ಯಾವುದೂ ಉಳಿದಿಲ್ಲ.”

ಜಗದಾಂಬ ಬಿರಡೆಗಳನ್ನು ನೋಡಿದಳು. ಅವಳು ದಿನವೆಲ್ಲ ದಾರ, ಗಂಟು ನೋಡುವವಳು. ನನ್ನ ಕಡೆ ತಿರುಗಿ ನನ್ನ ಎಡಗೈಯನ್ನು ನೋಡಿದಳು. ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತಳು, ಆದರೆ ಮಿಷನ್ನಿನ ಸದ್ದು ಕೇಳಲಿಲ್ಲ.

ಚಲುವಯ್ಯ ಕರಣೆಯನ್ನು ಗೋಡೆಯ ಬದಿಗೆ ಬೀಳುತ್ತಿದ್ದ ನೀರಿನಲ್ಲಿ ತೊಳೆದ, ಪಂಚೆಗೆ ಒರೆಸಿ ಚೀಲಕ್ಕೆ ಹಾಕಿಕೊಂಡ. ಕೊಡೆ ತೆಗೆದುಕೊಂಡ. ಅರ್ಧ ಕುಡಿದ ಟೀ ಕಂಬದ ಬುಡದಲ್ಲೇ ಇತ್ತು. ಎರಡು ಲಾರಿ ಹೋಗಲು ಬಿಟ್ಟು ರಸ್ತೆ ದಾಟಿದ, ಆಚೆ ಬದಿಯಲ್ಲಿ ಸಕಲೇಶಪುರದ ಬಸ್ಸಿಗೆ ನಿಂತ. ನಾನು ಎದ್ದು ಜಗಲಿಯ ಅಂಚಿಗೆ ಬಂದೆ. ನನ್ನ ಗಂಟಲು ದೊಡ್ಡದು, ಹೆದ್ದಾರಿಯ ಆ ಕಡೆಗೆ ಕೂಗಿದರೆ ಕೇಳುತ್ತದೆ, ಎಂಟು ದಿನದ ಹಿಂದೆ ಇಡೀ ಬಾಳ್ಳುಪೇಟೆಗೆ ಕೇಳಿಸಿದ್ದೆ. ಬಸ್ಸು ಬಂದು ನಿಂತಿತು. ಹೊರಟಾಗ ಆ ಬದಿಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅವನು ಈ ಕಡೆ ಬರಲಿಲ್ಲ. ಮುಂದಿನ ಫೆಬ್ರುವರಿಯಲ್ಲಿ, ಕಾಫಿ ಹರಡುವ ಹೊತ್ತಿಗೆ, ಎರಡು ಸಲ ಆನೇಮಹಲಿಗೆ ಹೇಳಿ ಕಳಿಸಿದೆ. ಕೆಲಸ ಇಲ್ಲ, ಸುಮ್ಮನೆ ಬಂದು ಹೋಗಲಿ ಎಂದೆ. ಬರಲಿಲ್ಲ.